ಗುಂಡೇಟು ತಿಂದ ಕಾಡನ್ನು ಗುಡಿಸುವ ಕೆಲಸ

ಹಳೆಯ ಕಾಲದ ಡಬ್ಬದಂಥ ಟಿವಿಯನ್ನು ಎತ್ತಿ ಗಾಡಿಗೆ ಹಾಕಲು ಇಬ್ಬರು ಸಾಕು. ಎಷ್ಟೇ ಭಾರ ಇದ್ದರೂ ಐದು ನಿಮಿಷದ ಕೆಲಸ. ಅದೇ ಟಿವಿ ಮೇಲೆ ನೂರು ಗುಂಡು ಬಿದ್ದಿದ್ದರೆ? ನಾಲ್ಕು ಜನ ಮಂಡಿಯೂರಿ ಕೂತು ಬೆಳಗಿನಿಂದ ಮಧ್ಯಾಹ್ನದ ತನಕ ಆರಿಸಿದರೂ ಮುಗಿಯುವುದಿಲ್ಲ.

ಈ ಲೆಕ್ಕ ನನಗೆ ಗೊತ್ತಾಗಿದ್ದು ಅಮೆರಿಕದ ಅರಿಜೋನಾದಲ್ಲಿ, ಟಾಂಟೋ ನ್ಯಾಷನಲ್ ಫಾರೆಸ್ಟ್‌ನ ಒಂದು ಮಣ್ಣುರಸ್ತೆಯ ಪಕ್ಕ. ಕಾಡು ಸ್ವಚ್ಛ ಮಾಡೋಣ ಬನ್ನಿ ಎಂದು ಕರೆದಿದ್ದರು. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಆರಿಸುವುದು ಇರಬೇಕು ಅಂದುಕೊಂಡು ಹೋದೆ. ದೂರದಿಂದ ನೋಡಿದರೆ ನೆಲ ಮಿಣಮಿಣ ಹೊಳೆಯುತ್ತಿತ್ತು. ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಎತ್ತಿಕೊಂಡೆ. ಅದರಲ್ಲಿ ಹಿತ್ತಾಳೆಯ ಪುಟ್ಟ ಕೊಳವೆಗಳು, ಕೆಂಪು ಪ್ಲಾಸ್ಟಿಕ್, ಕಿತ್ತಳೆ ಬಣ್ಣ ಬಳಿದ ಕರಿ ಚೂರುಗಳು, ಹಸಿರು ಗಾಜು, ಚಪ್ಪಟೆಯಾದ ಸೀಸದ ತುಣುಕು ಎಲ್ಲವೂ ಇದ್ದವು. ಚುರುಮುರಿ ಕಲಸಿದ ಹಾಗೆ. ಮಣ್ಣು ಯಾವುದು, ಕಸ ಯಾವುದು ಎಂದು ಬಿಡಿಸುವುದೇ ಕಷ್ಟ.

ಇಂಥ ಕಸಕ್ಕೆ ಇಲ್ಲಿ ‘ಟ್ರಿಗರ್ ಟ್ರ್ಯಾಶ್’ ಎನ್ನುತ್ತಾರೆ, ಅಂದರೆ ಬಂದೂಕಿನಿಂದ ಗುರಿ ಅಭ್ಯಾಸ ಮಾಡಿದವರು ಬಿಟ್ಟುಹೋದ ಕಸ. ಸಾಮಾನ್ಯ ಕಸಕ್ಕೂ ಇದಕ್ಕೂ ಏನು ವ್ಯತ್ಯಾಸ, ಇದನ್ನು ತೆಗೆಯುವುದು ಯಾಕೆ ಇಷ್ಟು ಕಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲಿಗೆ ನಮ್ಮವರಿಗೆಲ್ಲ ಬರುವ ಪ್ರಶ್ನೆ: ಸರ್ಕಾರಿ ಕಾಡಿನಲ್ಲಿ ಗುಂಡು ಹೊಡೆಯಲು ಬಿಡುತ್ತಾರಾ? ಕರ್ನಾಟಕದಲ್ಲಿ ಮೀಸಲು ಅರಣ್ಯದೊಳಗೆ ಬಂದೂಕು ಹಿಡಿದು ಹೋದರೆ ಕೇಸು ಬೀಳುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕುಗಳಲ್ಲಿ ಗುರಿ ಅಭ್ಯಾಸಕ್ಕೆ ಅವಕಾಶ ಇಲ್ಲ. ಫಾರೆಸ್ಟ್‌ಗಳನ್ನು ನೋಡಿಕೊಳ್ಳುವುದು ಕೃಷಿ ಇಲಾಖೆಯ ಕೆಳಗಿರುವ ಅರಣ್ಯ ಸೇವೆ. ಇದು ಶುರುವಾಗಿದ್ದು 1905ರಲ್ಲಿ. ಮರ ಕಡಿಯುವುದು, ದನ ಮೇಯಿಸುವುದು, ಬೇಟೆ, ಮೀನು ಹಿಡಿಯುವುದು, ಟೆಂಟ್ ಹಾಕಿ ಮಲಗುವುದು, ಗುರಿ ಹೊಡೆಯುವುದು ಎಲ್ಲಕ್ಕೂ ಅಲ್ಲಿ ಜಾಗ ಇದೆ. ಇಂಥ 154 ಫಾರೆಸ್ಟ್‌ಗಳಿವೆ. ಹುಲ್ಲುಗಾವಲುಗಳನ್ನೂ ಸೇರಿಸಿದರೆ ಸುಮಾರು 19.3 ಕೋಟಿ ಎಕರೆ. ಅಂದರೆ ನಾಲ್ಕು ಕರ್ನಾಟಕದಷ್ಟು ನೆಲ. ಸರ್ಕಾರಿ ನೆಲ ನೋಡಿಕೊಳ್ಳುವ ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಎಂಬ ಇನ್ನೊಂದು ಸಂಸ್ಥೆಯ ಕೈಯಲ್ಲಿ ಇದಕ್ಕಿಂತ ಜಾಸ್ತಿ, ಸುಮಾರು 24.5 ಕೋಟಿ ಎಕರೆ ಇದೆ.

ಹಾಗಂತ ನಿಯಮವೇ ಇಲ್ಲ ಎಂದಲ್ಲ. ಮನೆ, ಕಟ್ಟಡ, ಕ್ಯಾಂಪ್ ಜಾಗ, ಜನ ಇರುವ ಜಾಗದಿಂದ 150 ಗಜದೊಳಗೆ, ಅಂದರೆ ಸುಮಾರು 137 ಮೀಟರ್ ಒಳಗೆ, ಗುಂಡು ಹೊಡೆಯುವಂತಿಲ್ಲ. ರಸ್ತೆ ಅಡ್ಡ ಹಾಯುವಂತೆ, ಅದರ ಪಕ್ಕದ ನೀರಿನ ಮೇಲೆ, ಗುಹೆಯೊಳಗೆ ಹೊಡೆಯುವಂತಿಲ್ಲ. ಗಿಡಮರಕ್ಕೆ ಏಟು ಮಾಡುವಂತಿಲ್ಲ. ತಂದಿದ್ದನ್ನೆಲ್ಲ ವಾಪಸ್ ಒಯ್ಯಬೇಕು. ನಿಯಮ ಸರಿಯಾಗೇ ಇದೆ. ಆದರೆ ನಾಲ್ಕು ಕರ್ನಾಟಕದಷ್ಟು ನೆಲ ಕಾಯಲು ಅರಣ್ಯ ಸೇವೆಯ ಪೊಲೀಸರು ಕೆಲವೇ ನೂರು ಜನ. ಒಬ್ಬೊಬ್ಬರ ಪಾಲಿಗೆ ಒಂದೆರಡು ತಾಲ್ಲೂಕು ಬರುತ್ತದೆ.

ಜಾಗ ಕೆಡುವ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಊರಿಂದ ಅರ್ಧ ಗಂಟೆ ದೂರ, ಕಾರು ಹೋಗುವ ಮಣ್ಣುರಸ್ತೆ, ಹಿಂದೆ ಗುಂಡು ತಡೆಯಲು ಒಂದು ದಿಬ್ಬ. ರಸ್ತೆಗೆ ಜಲ್ಲಿ ತೆಗೆದು ಬಿಟ್ಟ ಹಳೆಯ ಹೊಂಡವಾದರೆ ಇನ್ನೂ ಅನುಕೂಲ. ಶನಿವಾರ ಒಬ್ಬರು ಬಂದು ರಟ್ಟಿನ ಪೆಟ್ಟಿಗೆಗೆ ಕಾಗದದ ಗುರಿ ಅಂಟಿಸಿ ಹೊಡೆಯುತ್ತಾರೆ. ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಭಾನುವಾರ ಬಂದವರು ಅದರ ಪಕ್ಕ ಬಿಯರ್ ಬಾಟಲಿ ಸಾಲಾಗಿ ಇಡುತ್ತಾರೆ. ಆ ಗಾಜು ನೋಡಿದ ಇನ್ನೊಬ್ಬರಿಗೆ ‘ಓ, ಇಲ್ಲಿ ಎಸೆಯಬಹುದು’ ಅನ್ನಿಸುತ್ತದೆ. ಕಸದ ಡಿಪೋದಲ್ಲಿ ದುಡ್ಡು ಕೊಡುವ ಬದಲು ಕೆಟ್ಟ ಫ್ರಿಜ್ ತಂದು ಇಳಿಸಿ ಹೋಗುತ್ತಾರೆ. ಮುಂದಿನ ವಾರ ಬಂದವರಿಗೆ ಆ ಫ್ರಿಜ್ಜೇ ಗುರಿ.

ಇದೇ ಇಡೀ ಸಮಸ್ಯೆಯ ಬುಡ. ಬೇರೆ ಕಸ ಬಿದ್ದಲ್ಲಿ ಬಿದ್ದಿರುತ್ತದೆ, ಇವತ್ತು ತೆಗೆದರೂ ಒಂದೇ, ಮುಂದಿನ ತಿಂಗಳು ತೆಗೆದರೂ ಒಂದೇ. ಗುಂಡು ಹೊಡೆಯುವ ಜಾಗದ ಕಸ ಹಾಗಲ್ಲ. ಅದು ವಾರವಾರ ಒಡೆಯುತ್ತಾ, ಚಿಕ್ಕದಾಗುತ್ತಾ, ಮಣ್ಣಿಗೆ ಇಳಿಯುತ್ತಾ ಹೋಗುತ್ತದೆ. ಫ್ರಿಜ್ ಇದ್ದಿದ್ದು ತಗಡಾಗುತ್ತದೆ, ತಗಡು ಚೂರಾಗುತ್ತದೆ, ಒಳಗಿನ ಫೋಮ್ ಪುಡಿಯಾಗಿ ಗಾಳಿಗೆ ಹಾರುತ್ತದೆ. ತಡ ಮಾಡಿದಷ್ಟೂ ಕೆಲಸ ಹತ್ತು ಪಟ್ಟು, ನೂರು ಪಟ್ಟು.

ಈಗ ಆ ಹಿಡಿ ಮಣ್ಣಿಗೆ ವಾಪಸ್ ಬರೋಣ.

ಹಿತ್ತಾಳೆ ಕೊಳವೆ ಅಂದರೆ ತೋಟೆಯ ಖಾಲಿ ಕೋಶ. ಒಂದು ತೋಟೆಯಲ್ಲಿ ನಾಲ್ಕು ಭಾಗ ಇರುತ್ತವೆ: ಮುಂದೆ ಗುಂಡು, ಒಳಗೆ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಎಲ್ಲವನ್ನೂ ಹಿಡಿದಿಡುವ ಕೋಶ. ಗುಂಡು ಹಾರಿದ ಮೇಲೆ ಕೋಶ ಶೂಟರ್ ಕಾಲ ಬಳಿಯೇ ಬೀಳುತ್ತದೆ. ಒಳ್ಳೆಯ ಹಿತ್ತಾಳೆ ಕೋಶವನ್ನು ಜನ ಬಿಡುವುದು ಕಡಿಮೆ, ಯಾಕೆಂದರೆ ಅದಕ್ಕೆ ಮತ್ತೆ ಮದ್ದು ತುಂಬಿ ಬಳಸಬಹುದು. ಉಳಿಯುವುದು ಮತ್ತೆ ತುಂಬಲಾಗದವು. ಪಾಯಿಂಟ್ 22 ತೋಟೆಯದು ಅದರಲ್ಲಿ ಮುಖ್ಯ. ಒಂದೂವರೆ ಸೆಂಟಿಮೀಟರ್ ಉದ್ದದ ಆ ಕೋಶ ಅಗ್ಗ, ಜನ ಒಂದೇ ಬೆಳಗ್ಗೆ ನೂರಾರು ಹೊಡೆಯುತ್ತಾರೆ. ಅದು ಜಲ್ಲಿಕಲ್ಲಿನ ಸಂದಿಗೆ ಇಳಿದರೆ ಬೆರಳಿಗೆ ಸಿಗುವುದಿಲ್ಲ. ಉಕ್ಕಿನ ಕೋಶಕ್ಕಾದರೆ ಚಕ್ರ ಇರುವ ಅಯಸ್ಕಾಂತ ಎಳೆಯುತ್ತೇವೆ, ಟಪಟಪ ಅಂತ ಬಂದು ಅಂಟಿಕೊಳ್ಳುತ್ತದೆ. ಹಿತ್ತಾಳೆಗೆ, ಅಲ್ಯೂಮಿನಿಯಂಗೆ ಅಯಸ್ಕಾಂತ ನಡೆಯುವುದಿಲ್ಲ. ಅದಕ್ಕೆ ಕೈ ಮತ್ತು ಜರಡಿಯೇ ಗತಿ.

ಕೆಂಪು ಪ್ಲಾಸ್ಟಿಕ್ ಶಾಟ್‌ಗನ್ ತೋಟೆಯದು. ಒಂದೇ ಏಟಿಗೆ ಪುಟ್ಟ ಮಣಿಗಳನ್ನು ಚಿಮ್ಮಿಸುವ ಬಂದೂಕು ಅದು. ಅದರ ಜೊತೆ ಬಂದೂಕಿನಿಂದ ಹಾರಿಹೋಗುವ ಇನ್ನೊಂದು ಪ್ಲಾಸ್ಟಿಕ್ ಇದೆ, ಹೂವಿನ ದಳದಂತೆ ಬಿಚ್ಚಿಕೊಳ್ಳುವ ಪುಟ್ಟ ಬಟ್ಟಲು. ಅದು ಪೊದೆಯೊಳಗೆ ಎಲ್ಲೋ ಬಿದ್ದಿರುತ್ತದೆ. ಬಿಸಿಲಿಗೆ ಇವೆರಡೂ ಬಣ್ಣ ಕಳೆದುಕೊಂಡು ಮುಟ್ಟಿದರೆ ಪುಡಿಯಾಗುತ್ತವೆ.

ಕಿತ್ತಳೆ ಬಣ್ಣದ ಕರಿ ಚೂರು ‘ಕ್ಲೇ ಪಿಜನ್’ನದು. ಗಾಳಿಯಲ್ಲಿ ತೂರಿ ಹೊಡೆಯುವ, ಅಂಗೈಗಿಂತ ಸ್ವಲ್ಪ ದೊಡ್ಡ ತಟ್ಟೆ. ಹೆಸರು ಕೇಳಿ ಜೇಡಿಮಣ್ಣು, ಮಳೆಗೆ ಕರಗುತ್ತದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಪಿಚ್ ಬೆರೆಸಿ ಎರಕ ಹೊಯ್ದ ವಸ್ತು. ಈ ಪಿಚ್‌ನಲ್ಲಿ ವಿಷದ ರಾಸಾಯನಿಕಗಳಿವೆ. ಹೊಲದಲ್ಲಿ ಬಿದ್ದ ಚೂರು ತಿಂದು ಹಂದಿಗಳು ಸತ್ತಿರುವುದು ದಾಖಲಾಗಿದೆ. ಪಿಚ್ ಇಲ್ಲದ, ಬೇಗ ಮಣ್ಣಾಗುವ ತಟ್ಟೆಗಳೂ ಮಾರುಕಟ್ಟೆಯಲ್ಲಿವೆ. ಅವೂ ಕರಗಲು ಸಮಯ ಬೇಕು.

ಟಿವಿ ಗಾಜು ಎಲ್ಲಕ್ಕಿಂತ ಕೆಟ್ಟದ್ದು. ಹಳೆಯ ಟಿವಿಯ ಚಿತ್ರದ ಕೊಳವೆಯ ಗಾಜಿನಲ್ಲೇ ಸೀಸ ಬೆರೆಸಿರುತ್ತಾರೆ, ನೋಡುವವರಿಗೆ ಎಕ್ಸ್‌ರೇ ತಾಗದಿರಲಿ ಎಂದು. ಒಳಗಡೆ ಹೊಳೆಯುವ ಪುಡಿ ಲೇಪಿಸಿರುತ್ತಾರೆ. ಗುಂಡು ಬಿದ್ದ ಕೂಡಲೇ ಕೊಳವೆ ಢಮ್ಮೆಂದು ಒಡೆಯುತ್ತದೆ, ಆ ಶಬ್ದಕ್ಕಾಗಿಯೇ ಜನ ಹೊಡೆಯುತ್ತಾರೆ. ಗಾಜು ಹತ್ತಾರು ಅಡಿ ಸುತ್ತಲೂ ಹರಡುತ್ತದೆ. ಆ ದಿನ ಎರಡು ಬಕೆಟ್ ಟಿವಿ ಗಾಜು ಆರಿಸಿದೆವು. ಬಿಸಿಲು ಏರಿ ನೆರಳು ಸರಿದಂತೆ, ಆರಿಸಿ ಮುಗಿಸಿದ್ದೇವೆ ಅಂದುಕೊಂಡ ಜಾಗದಲ್ಲೇ ಮತ್ತೆ ಗಾಜು ಮಿಂಚುತ್ತಿತ್ತು.

ಕೊನೆಗೆ ಸೀಸ. ಕಣ್ಣಿಗೆ ಕಾಣುವುದು ಕಡಿಮೆ, ಉಳಿಯುವುದು ಜಾಸ್ತಿ. ಶಾಟ್‌ಗನ್‌ನ ಒಂದು ತೋಟೆಯಲ್ಲಿ 8ನೇ ನಂಬರ್ ಸೀಸದ ಮಣಿಗಳಾದರೆ ಒಂದು ಔನ್ಸ್, ಅಂದರೆ 28 ಗ್ರಾಂಗೆ, ಸುಮಾರು 400 ಇರುತ್ತವೆ. ಸಾಸಿವೆಗಿಂತ ಸ್ವಲ್ಪ ದೊಡ್ಡವು. ಪಾರಿವಾಳದ ಜಾತಿಯ ಹಕ್ಕಿಗಳು ಕಾಳು ಅರೆಯಲೆಂದು ಪುಟ್ಟ ಕಲ್ಲು ನುಂಗುತ್ತವೆ, ಅಲ್ವಾ? ಕಲ್ಲೆಂದು ಈ ಮಣಿಯನ್ನೂ ನುಂಗುತ್ತವೆ. ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಸೇರುತ್ತದೆ. ಕೆಲವೇ ಮಣಿ ಸಾಕು, ಹಕ್ಕಿ ಸಾಯಲು. ಇದೇ ಕಾರಣಕ್ಕೆ ನೀರುಹಕ್ಕಿ ಬೇಟೆಗೆ ಸೀಸದ ಮಣಿ ಬಳಸುವುದನ್ನು ಅಮೆರಿಕ 1991ರಲ್ಲೇ ದೇಶಾದ್ಯಂತ ನಿಲ್ಲಿಸಿತು. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸದ ಗುಂಡು ಬೇಡ ಎಂದಿತು. ಅಲ್ಲಿನ ಕಾಂಡೋರ್ ಹದ್ದು ಬೇಟೆಯಾದ ಪ್ರಾಣಿಯ ಉಳಿಕೆ ತಿಂದು ಸೀಸಕ್ಕೆ ಬಲಿಯಾಗುತ್ತಿತ್ತು. ಗುರಿ ಅಭ್ಯಾಸಕ್ಕೆ ಮಾತ್ರ ಇಂಥ ತಡೆ ಬಹುತೇಕ ಕಡೆ ಇಲ್ಲ.

ಸೀಸ ಕೊಳೆಯುವ ವಸ್ತುವಲ್ಲ. ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ, ಆ ಹೊಪ್ಪಳೆ ನಿಧಾನಕ್ಕೆ ಮಣ್ಣಿಗೆ ಸೇರುತ್ತದೆ. ಹುಳಿ ಮಣ್ಣಾದರೆ ಬೇಗ ಕರಗುತ್ತದೆ. ಅರಿಜೋನಾದ ಒಣ ನೆಲದಲ್ಲಿ ತಡವಾಗುತ್ತದೆ, ನಿಜ. ಆದರೆ ಇಲ್ಲಿ ಬೇಸಿಗೆಯ ಮಳೆ ಸುರಿದರೆ ಒಣಹಳ್ಳಗಳಲ್ಲಿ ಒಂದೇ ಗಂಟೆಯಲ್ಲಿ ನೀರು ನುಗ್ಗುತ್ತದೆ. ಮಣ್ಣಿನ ಜೊತೆ ಎಲ್ಲವೂ ಕೆಳಗೆ ಹೋಗುತ್ತದೆ.

ಇಷ್ಟಾದರೂ ಕಸ ಎಂದರೆ ತೆಗೆಯಬಹುದಾದದ್ದು. ಮರಕ್ಕೆ ಬಿದ್ದ ಏಟನ್ನು ಯಾರೂ ತೆಗೆಯಲಾರರು. ಗುರಿ ಕಾಗದವನ್ನು ಮರಕ್ಕೆ ಮೊಳೆ ಹೊಡೆದು ಅಂಟಿಸುತ್ತಾರೆ. ಗುಂಡು ಕಾಗದ ದಾಟಿ ಕಾಂಡಕ್ಕೆ ಹೋಗುತ್ತದೆ. ಮರದ ಊಟ ಸಾಗುವುದು ತೊಗಟೆಯ ಕೆಳಗಿನ ತೆಳ್ಳನೆಯ ಪದರದಲ್ಲಿ. ಎದೆಯೆತ್ತರದಲ್ಲಿ ಸುತ್ತಲೂ ಆ ಪದರ ಹರಿದುಹೋದರೆ ಬೇರಿಗೆ ಊಟ ಇಲ್ಲ. ಮರ ನಿಂತಲ್ಲೇ ಒಣಗುತ್ತದೆ. ಗುಂಡು ತಿಂದು ತಿಂದು ಅರ್ಧಕ್ಕೆ ಮುರಿದು ಬಿದ್ದ ಪೈನ್ ಮರಗಳು ಇಂಥ ಜಾಗಗಳಲ್ಲಿ ಸಾಮಾನ್ಯ.

ನಮ್ಮ ಕಡೆ, ಅಂದರೆ ಸೊನೋರಾ ಮರುಭೂಮಿಯಲ್ಲಿ, ಏಟು ತಿನ್ನುವುದು ಸಗ್ವಾರೋ ಕಳ್ಳಿ. ಕೈ ಎತ್ತಿ ನಿಂತ ಮನುಷ್ಯನಂತೆ ಕಾಣುತ್ತದಲ್ಲ, ಅದೇ. ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದೂವರೆ ಇಂಚು. ಮೊದಲ ಕೈ ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಬದುಕಿದರೆ 150 ವರ್ಷ ದಾಟುತ್ತದೆ. ಮರಕುಟಿಗ ತೂತು ಕೊರೆದರೆ ಅದು ಒಳಗಿನಿಂದ ಗಟ್ಟಿ ಪದರ ಕಟ್ಟಿಕೊಂಡು ಗಾಯ ಮುಚ್ಚಿಕೊಳ್ಳುತ್ತದೆ. ಆ ತೂತಿನಲ್ಲಿ ಆಮೇಲೆ ಗೂಬೆಗಳು ಸಂಸಾರ ಮಾಡುತ್ತವೆ. ಆದರೆ ಶಾಟ್‌ಗನ್ ಏಟಿಗೆ ಹತ್ತಾರು ಕಡೆ ಒಟ್ಟಿಗೆ ಹರಿದರೆ ಅದಕ್ಕೆ ಮುಚ್ಚಿಕೊಳ್ಳಲು ಆಗುವುದಿಲ್ಲ, ಕೊಳೆ ಹತ್ತುತ್ತದೆ. ನಾನು ನೋಡಿದ ಒಂದು ಸಗ್ವಾರೋದ ಒಂದು ಬದಿ ಪೂರ್ತಿ ಕಪ್ಪಾಗಿತ್ತು. ಗಾಯದಿಂದ ಇಳಿದ ರಸ ಒಣಗಿ ಗೆರೆಗೆರೆಯಾಗಿತ್ತು. ನನ್ನ ಅಜ್ಜ ಹುಟ್ಟುವ ಮೊದಲಿನಿಂದ ಅಲ್ಲಿ ನಿಂತಿದ್ದಿರಬೇಕು ಅದು. ನೋಡಿ ಸಂಕಟವಾಯಿತು.

ಇನ್ನೊಂದು ಅಪಾಯ ಬೆಂಕಿ. ಗುಂಡಿನಿಂದ ಬೆಂಕಿ ಹತ್ತುವುದಿಲ್ಲ ಎಂದು ಬಹಳ ಕಾಲ ವಾದ ಇತ್ತು. ಅರಣ್ಯ ಸೇವೆಯ ಸಂಶೋಧಕರು ಉಕ್ಕಿನ ತಗಡಿಗೆ ರೈಫಲ್ ಗುಂಡು ಹೊಡೆದು ಪರೀಕ್ಷಿಸಿ 2013ರಲ್ಲಿ ವರದಿ ಕೊಟ್ಟರು. ಸಿಡಿದ ಚೂರುಗಳ ಬಿಸಿ 800 ಡಿಗ್ರಿ ಸೆಲ್ಸಿಯಸ್ ದಾಟಬಹುದು ಎಂದು ಕಂಡುಬಂತು. ಉಕ್ಕಿನ ತಿರುಳಿನ ಗುಂಡು, ಪೂರ್ತಿ ತಾಮ್ರದ ಗುಂಡು ಒಣಗಿಸಿದ ಪಾಚಿಪುಡಿಗೆ ಸುಲಭವಾಗಿ ಬೆಂಕಿ ಹತ್ತಿಸಿದವು. ಹಾಗಾಗಿ ಬಂಡೆ, ಫ್ರಿಜ್, ತಗಡಿಗೆ ಹೊಡೆಯುವುದು ಬೇಸಿಗೆಯಲ್ಲಿ ಕಡ್ಡಿ ಗೀರಿದ ಹಾಗೆ. ಸಿಡಿಯುವ ಗುರಿಗಳು ಅಂತ ಇನ್ನೊಂದು ಇದೆ, ಅಮೋನಿಯಂ ನೈಟ್ರೇಟ್‌ಗೆ ಅಲ್ಯೂಮಿನಿಯಂ ಪುಡಿ ಬೆರೆಸಿದ್ದು. 2017ರ ಏಪ್ರಿಲ್‌ನಲ್ಲಿ ದಕ್ಷಿಣ ಅರಿಜೋನಾದಲ್ಲಿ, ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ತಿಳಿಸುವ ಪಾರ್ಟಿಯಲ್ಲಿ ಇಂಥದ್ದಕ್ಕೆ ಗುಂಡು ಹೊಡೆದರು. ಸಾಮಿಲ್ ಫೈರ್ ಎಂದು ಹೆಸರಾದ ಆ ಬೆಂಕಿ ಸುಮಾರು 47,000 ಎಕರೆ ಸುಟ್ಟಿತು.

ಹಾಗಾದರೆ ಸ್ವಚ್ಛತೆ ಹೇಗೆ ನಡೆಯುತ್ತದೆ? ಅರಣ್ಯ ಸೇವೆಗೆ ಸ್ವಯಂಸೇವಕರನ್ನು ಬಳಸಿಕೊಳ್ಳಲು 1972ರಲ್ಲೇ ಕಾನೂನು ಬಂತು. ಸಹಿ ಹಾಕಿ ಸೇರಿದರೆ, ಕೆಲಸದ ವೇಳೆ ಗಾಯವಾದರೆ ಚಿಕಿತ್ಸೆ ಸಿಗುತ್ತದೆ. ಪ್ರತಿ ಸೆಪ್ಟೆಂಬರ್ ತಿಂಗಳ ನಾಲ್ಕನೇ ಶನಿವಾರ ‘ನ್ಯಾಷನಲ್ ಪಬ್ಲಿಕ್ ಲ್ಯಾಂಡ್ಸ್ ಡೇ’ ನಡೆಯುತ್ತದೆ, 1994ರಿಂದ. ಆ ದಿನ ಜನ ಜಾಸ್ತಿ ಬರುತ್ತಾರೆ. ಆದರೆ ಅಸಲಿ ಕೆಲಸ ನಡೆಯುವುದು ಉಳಿದ ವಾರಗಳಲ್ಲಿ, ಹತ್ತು ಹದಿನೈದು ಜನರಿಂದ.

ಬೆಳಗ್ಗೆ ಮೊದಲು ಅರ್ಧ ಗಂಟೆ ಸುಮ್ನೆ ನಿಂತು ಸುರಕ್ಷತೆಯ ಸೂಚನೆ ಕೇಳಬೇಕು. ಹೊಸಬರಿಗೆ ಬೇಜಾರು. ಆದರೆ ಅದು ಬೇಕೇ ಬೇಕು. ಹಲಗೆ, ಹಾಸಿಗೆ ಎತ್ತುವಾಗ ಆಚೆ ಅಂಚನ್ನು ಹಿಡಿದು ನಮ್ಮ ಕಡೆ ಎಬ್ಬಿಸಬೇಕು. ಕೆಳಗೆ ಬುಡುಬುಡಿಕೆ ಹಾವು (ರಾಟಲ್‌ಸ್ನೇಕ್) ಇದ್ದರೆ ಹಲಗೆ ಅಡ್ಡ ಇರುತ್ತದೆ. ಧೂಳು ಎಬ್ಬಿಸಿ ಗುಡಿಸಬಾರದು, ಸೀಸ ಮೂಗಿಗೆ ಹೋಗುತ್ತದೆ. ಮಾಸ್ಕ್ ಹಾಕಬೇಕು. ಕೈ ತೊಳೆಯದೆ ನೀರಿನ ಬಾಟಲಿ ಮುಟ್ಟುವಂತಿಲ್ಲ. ಬಟ್ಟೆಯನ್ನು ಮನೆಗೆ ಹೋದ ಮೇಲೆ ಬೇರೆಯಾಗಿ ಒಗೆಯಬೇಕು, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ.

ಎಲ್ಲಕ್ಕಿಂತ ಮುಖ್ಯ: ಸಿಡಿಯದ ತೋಟೆ. ಗುಂಡು ಇನ್ನೂ ತುದಿಯಲ್ಲೇ ಇದ್ದು, ಬುಡದಲ್ಲಿ ಸೂಜಿಮೊನೆಯಷ್ಟು ತಗ್ಗು ಬಿದ್ದಿದ್ದರೆ, ಹೊಡೆದರೂ ಹೊತ್ತಿಕೊಂಡಿಲ್ಲ ಎಂದರ್ಥ. ಅದು ಲೋಹದ ಬಕೆಟ್‌ಗೆ ಹೋಗಬಾರದು. ಗುಜರಿಯವನ ಕುಲುಮೆಯಲ್ಲಿ ಸಿಡಿದರೆ ಯಾರಿಗೋ ಗಾಯ. ಬೇರೆ ಡಬ್ಬಿಗೆ ಹಾಕಿ ಅಧಿಕಾರಿಗೆ ಕೊಡಬೇಕು. ಗ್ಯಾಸ್ ಸಿಲಿಂಡರ್‌ಗೂ ಇದೇ ನಿಯಮ.

ಎಲ್ಲವನ್ನೂ ಎತ್ತುವ ಹಾಗೂ ಇಲ್ಲ. ಹೊಸಬರಿಗೆ ಆಶ್ಚರ್ಯ ಆಗುವ ವಿಷಯ ಇದು. ತುಕ್ಕು ಹಿಡಿದ ಹಳೆಯ ತಗಡಿನ ಡಬ್ಬ 50 ವರ್ಷಕ್ಕಿಂತ ಹಿಂದಿನದಾದರೆ ಅದು ಇತಿಹಾಸದ ವಸ್ತು ಆಗಿರಬಹುದು. ಗಣಿ ಕೆಲಸದವರು, ದನಗಾಹಿಗಳು ಬಿಟ್ಟುಹೋದದ್ದು. ಅನುಮಾನ ಬಂದರೆ ಮುಟ್ಟದೆ ಕರೆದು ತೋರಿಸಬೇಕು. ದಿಬ್ಬದೊಳಗೆ ಹೊಕ್ಕ ಸೀಸವನ್ನು ಸ್ವಯಂಸೇವಕರು ಅಗೆಯುವಂತಿಲ್ಲ. ಅದಕ್ಕೆ ತರಬೇತಿ ಪಡೆದ ಗುತ್ತಿಗೆದಾರರು ಬರಬೇಕು, ಮಣ್ಣನ್ನೇ ಜರಡಿ ಹಿಡಿದು ಸೀಸ ತೆಗೆಯಬೇಕು. ಅದಕ್ಕೆ ಆಗುವ ಖರ್ಚು ದೊಡ್ಡದು. ಹಾಗಾಗಿ ಬಹಳಷ್ಟು ಕಡೆ ಅದು ಅಲ್ಲೇ ಉಳಿದಿದೆ.

ಬರುವವರು ಯಾರು? ಬಂದೂಕು ವಿರೋಧಿಗಳೇ ಇರಬೇಕು ಎಂದು ನಾನು ಊಹಿಸಿದ್ದು ತಪ್ಪು. ಅರ್ಧಕ್ಕರ್ಧ ಶೂಟರ್‌ಗಳೇ. ಆರೆಗನ್‌ನ ‘ಟ್ರ್ಯಾಶ್ ನೋ ಲ್ಯಾಂಡ್’ ಗುಂಪು ಇದೇ ಕೆಲಸಕ್ಕೆ ಹುಟ್ಟಿದ್ದು. ‘ಟ್ರೆಡ್ ಲೈಟ್ಲಿ’ ಎಂಬ ಸಂಸ್ಥೆ ಅರಣ್ಯ ಸೇವೆಯ ಕಾರ್ಯಕ್ರಮವಾಗಿ 1985ರಲ್ಲಿ ಶುರುವಾಗಿ, 1990ರಲ್ಲಿ ಸ್ವತಂತ್ರವಾಯಿತು. ಅದೂ ಶೂಟರ್‌ಗಳ ಜೊತೆ ಸೇರಿ ಸ್ವಚ್ಛತೆ ಮಾಡುತ್ತದೆ. ಅವರ ಆತಂಕ ಸರಳ: ಜಾಗ ಹೀಗೇ ಕೆಟ್ಟರೆ ಗೇಟು ಬೀಳುತ್ತದೆ. ಗೇಟು ಬಿದ್ದರೆ ಕಸ ಹಾಕಿದವನು ಮುಂದಿನ ರಸ್ತೆಗೆ ಹೋಗುತ್ತಾನೆ, ಕಸ ಹಾಕದವನು ಜಾಗ ಕಳೆದುಕೊಳ್ಳುತ್ತಾನೆ. ಮುಚ್ಚಿದ್ದಷ್ಟಕ್ಕೆ ಸಮಸ್ಯೆ ಮುಗಿಯುವುದಿಲ್ಲ ಎಂದು ನನಗೂ ಅನ್ನಿಸುತ್ತದೆ. ಮುಚ್ಚಿದ ಜಾಗದ ಎರಡು ಮೈಲಿ ಆಚೆ ಹೊಸ ಹೊಂಡ ಹುಟ್ಟಿದ್ದನ್ನು ನೋಡಿದ್ದೇನೆ.

ಉಪಾಯ ಇರುವುದು ಒಳ್ಳೆಯ ಜಾಗ ಕಟ್ಟಿಕೊಡುವುದರಲ್ಲಿ. ಮಣ್ಣಿನ ದಿಬ್ಬ, ನೆರಳು, ಕಸಕ್ಕೆ ವ್ಯವಸ್ಥೆ, ಗುರಿ ಹೂಡುವ ಕಂಬ ಇದ್ದರೆ ಜನ ಅಲ್ಲಿಗೇ ಹೋಗುತ್ತಾರೆ. ಫೀನಿಕ್ಸ್ ಸುತ್ತ ಬಿಎಲ್‌ಎಂ ಇತ್ತೀಚಿನ ವರ್ಷಗಳಲ್ಲಿ ಬಾಲ್ಡಿ ಮೌಂಟನ್‌ನಂಥ ಕೆಲವು ಕಡೆ ಇದನ್ನೇ ಮಾಡಿದೆ. ಹಣವೂ ಶೂಟರ್‌ಗಳಿಂದಲೇ ಬರುತ್ತದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಉದ್ದ ಬಂದೂಕು ಮತ್ತು ತೋಟೆ ಮೇಲೆ 11 ಶೇಕಡಾ ತೆರಿಗೆ ಇದೆ, ಅದು ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಅದರಲ್ಲಿ ಶೂಟಿಂಗ್ ರೇಂಜ್‌ಗಳಿಗೆ ಜಾಸ್ತಿ ಪಾಲು ಬಳಸಲು 2019ರಲ್ಲಿ ದಾರಿ ಮಾಡಿಕೊಟ್ಟರು. 2025ರ ಜನವರಿಯಲ್ಲಿ ಸಹಿಯಾದ ಎಕ್ಸ್‌ಪ್ಲೋರ್ ಕಾಯ್ದೆಯಲ್ಲೂ ಫಾರೆಸ್ಟ್‌ಗಳಲ್ಲಿ ಗುರುತಿಸಿದ ಗುರಿ ಅಭ್ಯಾಸದ ಜಾಗ ಇರಬೇಕೆಂಬ ಮಾತಿದೆ.

ಫೀನಿಕ್ಸ್ ಪಕ್ಕದ ಈ ಚಾಂಡ್ಲರ್, ಗಿಲ್ಬರ್ಟ್ ಕಡೆ ಕನ್ನಡದವರು ಸುಮಾರು ಮಂದಿ ಇದ್ದೇವೆ. ಒಮ್ಮೆ ನಮ್ಮ ಜೊತೆ ಬಂದ ಕೊಡಗಿನ ಗೆಳೆಯರೊಬ್ಬರು ಗಾಜಿನ ಚೂರು ಆರಿಸುತ್ತಾ ತಮ್ಮ ಊರಿನ ಕೈಲ್ ಪೊಳ್ದ್ ಹಬ್ಬ ನೆನಪಿಸಿಕೊಂಡರು. ಅಲ್ಲಿ ಮರದ ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಒಡೆದ ಕಾಯಿ ಮಣ್ಣಿಗೆ ಸೇರಿ ಮಣ್ಣಾಗುತ್ತದೆ. ‘ಗುರಿ ಅಂದರೆ ಅದು’ ಎಂದರು. ಕಾಯಿಗೆ ಹೊಡೆದ ಗುಂಡು ಅಲ್ಲೂ ಎಲ್ಲೋ ಉಳಿಯುತ್ತದೆ, ಅದು ಅವರಿಗೂ ಗೊತ್ತು. ಆದರೂ ಏನನ್ನು ಗುರಿಯಾಗಿ ಇಡುತ್ತೇವೆ ಎಂಬುದು ಅರ್ಧ ಕೆಲಸ ಉಳಿಸುತ್ತದೆ ಎಂಬ ಅವರ ಮಾತು ನನಗೆ ಒಪ್ಪಿಗೆಯಾಯಿತು. ಕಾಗದ, ರಟ್ಟು, ಮಡಚಿ ವಾಪಸ್ ಒಯ್ಯುವ ಸ್ಟ್ಯಾಂಡ್. ಅಷ್ಟೇ ಸಾಕು.

ಆ ಮೊದಲ ಜಾಗಕ್ಕೆ ಈಗ ತಿಂಗಳಿಗೊಮ್ಮೆ ಹೋಗುತ್ತೇವೆ, ನಾಲ್ಕೈದು ಜನ. ಕಳೆದ ಸಲ ದಿಬ್ಬದ ಬುಡದಲ್ಲಿ ಒಂದು ಮೈಕ್ರೋವೇವ್ ಇತ್ತು. ಯಾರೋ ಹಿಂದಿನ ರಾತ್ರಿಯೇ ತಂದಿಟ್ಟಿರಬೇಕು, ಮೇಲೆ ಧೂಳು ಕೂಡ ಕೂತಿರಲಿಲ್ಲ. ಸುತ್ತ ತಿರುಗಿಸಿ ನೋಡಿದೆವು, ಒಂದು ತೂತೂ ಇಲ್ಲ, ಬಾಗಿಲಿನ ಗಾಜು ಹಾಗೇ ಇದೆ. ಒಬ್ಬರು ಆ ಕಡೆ ಹಿಡಿದರು, ನಾನು ಈ ಕಡೆ ಹಿಡಿದೆ. ಎತ್ತಿ ಗಾಡಿಗೆ ಹಾಕಲು ಎರಡು ನಿಮಿಷ ಹಿಡಿಯಿತು.